ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತವೇ? ಲೆಕ್ಕ ಹಾಕಿ ನೋಡೋಣ

ಈ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಹಿಂದೆ ಸೂರ್ಯೋದಯದ ಚಿತ್ರ, ಮೇಲೆ ಕೈಮುಗಿದ ಗುರುತು, ನಡುವೆ ಈ ಮಾತು: "ಒಂದು ಹನಿ ವೀರ್ಯ ತಯಾರಾಗಲು 40 ಹನಿ ರಕ್ತ ಬೇಕು. ವೀರ್ಯ ನಷ್ಟವಾದರೆ ಕಣ್ಣು ಮಂಜಾಗುತ್ತದೆ, ನೆನಪಿನ ಶಕ್ತಿ ಹೋಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ. ನಿಮ್ಮ ಮಕ್ಕಳಿಗೆ ತಪ್ಪದೆ ಕಳುಹಿಸಿ." ಕೆಲವು ಸಂದೇಶಗಳಲ್ಲಿ 40 ಇರುವುದಿಲ್ಲ, 80 ಇರುತ್ತದೆ. ಇನ್ನು ಕೆಲವದರಲ್ಲಿ 100.

ಕಳುಹಿಸುವವರ ಉದ್ದೇಶ ಕೆಟ್ಟದ್ದಲ್ಲ. ಹುಡುಗರು ಹಾದಿ ತಪ್ಪದಿರಲಿ ಎಂಬ ಕಾಳಜಿ ಅವರದು. ಆದರೆ ಅದೇ ಸಂದೇಶ ತಲುಪುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ವಯಸ್ಸು 17, ಪಿಯುಸಿ, ಊರು ಬಿಟ್ಟು ಹಾಸ್ಟೆಲಿನಲ್ಲಿದ್ದಾನೆ. ವಾರಕ್ಕೊಮ್ಮೆಯೋ ಎರಡು ಸಲವೋ ನಿದ್ದೆಯಲ್ಲಿ ಬಟ್ಟೆ ಒದ್ದೆಯಾಗುತ್ತದೆ. ಬೆಡ್‌ಶೀಟನ್ನು ಯಾರಿಗೂ ಕಾಣದಂತೆ ಬೆಳಗಿನ ಜಾವವೇ ಎದ್ದು ಒಗೆಯುತ್ತಾನೆ. ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಮೊಡವೆ, ಕೆನ್ನೆ ಒಳಗೆ ಹೋದಂತೆ ಕಾಣುತ್ತದೆ. ಪರೀಕ್ಷೆಯಲ್ಲಿ ಅಂಕ ಇಳಿದಿದೆ. ಫೋನಿನ ಸಂದೇಶದಲ್ಲಿ ಇದಕ್ಕೆಲ್ಲ ಕಾರಣ ಸಿಕ್ಕಿತು ಎಂದುಕೊಳ್ಳುತ್ತಾನೆ. ಅಪ್ಪನ ಹತ್ತಿರ ಹೇಳಲು ನಾಚಿಕೆ, ಗೆಳೆಯರ ಹತ್ತಿರ ಹೇಳಿದರೆ ನಗೆಪಾಟಲು. ಕೊನೆಗೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿರುವ "ಗುಪ್ತರೋಗ ತಜ್ಞ"ರ ನಂಬರಿಗೆ ಫೋನ್ ಮಾಡುತ್ತಾನೆ. ಮನೆಯಿಂದ ಬಂದ ಫೀಸಿನ ಹಣ ಪುಡಿ, ಲೇಹ್ಯ, ಕ್ಯಾಪ್ಸೂಲುಗಳಿಗೆ ಹೋಗುತ್ತದೆ.

ಇಂಥ ಹುಡುಗರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವನಿಗೆ ಇರುವುದು ರೋಗವಲ್ಲ, ಭಯ. ಆ ಭಯ ಹುಟ್ಟುವುದು ಈ 40ರ ಲೆಕ್ಕದಿಂದ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಲೆಕ್ಕ

ಇದಕ್ಕೆ ಪ್ರಯೋಗಾಲಯ ಬೇಡ, ಫೋನಿನಲ್ಲಿರುವ ಕ್ಯಾಲ್ಕುಲೇಟರ್ ಸಾಕು.

ಒಂದು ಸಲ ಹೊರಬರುವ ವೀರ್ಯ ಸಾಮಾನ್ಯವಾಗಿ ಒಂದೂವರೆಯಿಂದ 5 ಮಿಲಿಲೀಟರ್. ನಡುವಿನ 3 ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ. ಅಂದರೆ 60 ಹನಿ. ಫಾರ್ವರ್ಡ್ ಹೇಳುವ ಪ್ರಕಾರ ಇದನ್ನು 40ರಿಂದ ಗುಣಿಸಿದರೆ 2,400 ಹನಿ ರಕ್ತ, ಅಂದರೆ 120 ಮಿಲಿಲೀಟರ್.

ರಕ್ತದಾನ ಶಿಬಿರದಲ್ಲಿ ಒಬ್ಬರಿಂದ ಸಾಮಾನ್ಯವಾಗಿ 350 ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಒಮ್ಮೆ ಕೊಟ್ಟ ಗಂಡಸು ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕು. ಫಾರ್ವರ್ಡಿನ ಲೆಕ್ಕ ನಿಜವಾಗಿದ್ದರೆ ಮೂರು ಸಲ ಸ್ವಪ್ನಸ್ಖಲನ ಆದರೆ ಒಂದು ರಕ್ತದಾನಕ್ಕಿಂತ ಹೆಚ್ಚು ರಕ್ತ ಖರ್ಚಾಗಬೇಕು. ವಾರಕ್ಕೆ ಎರಡು ಸಲ ಆಗುವ ಹುಡುಗನಿಗೆ ತಿಂಗಳಿಗೆ 960 ಮಿಲಿಲೀಟರ್, ವರ್ಷಕ್ಕೆ 11 ಲೀಟರಿಗೂ ಮೇಲೆ. ವಯಸ್ಕನ ಮೈಯಲ್ಲಿ ಇರುವ ಒಟ್ಟು ರಕ್ತವೇ ಸುಮಾರು 5 ಲೀಟರ್.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣದ ಅಂಶ ಇರುತ್ತದೆ. 960 ಮಿಲಿಲೀಟರ್ ಎಂದರೆ 480 ಮಿಲಿಗ್ರಾಂ. ನಾವು ಉಣ್ಣುವ ಊಟದಿಂದ ದೇಹ ಹೀರಿಕೊಳ್ಳುವ ಕಬ್ಬಿಣ ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ, ಅಂದರೆ ತಿಂಗಳಿಗೆ 30ರಿಂದ 60. ಈ ನಷ್ಟವನ್ನು ಯಾವ ಹುಡುಗನ ದೇಹವೂ ತುಂಬಿಕೊಳ್ಳಲಾರದು. ಕೆಲವೇ ತಿಂಗಳಲ್ಲಿ ಅವನು ರಕ್ತ ಹಾಕಿಸಿಕೊಳ್ಳಲು ಆಸ್ಪತ್ರೆ ಸೇರಬೇಕಿತ್ತು. ನಮ್ಮ ಊರಿನ ಹೈಸ್ಕೂಲು, ಕಾಲೇಜುಗಳ ಹುಡುಗರೆಲ್ಲ ವಾರ್ಡಿನಲ್ಲಿ ಮಲಗಿರಬೇಕಿತ್ತು.

ನಿಜ ಸ್ಥಿತಿ ಏನು? 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ವೀರ್ಯ ಹೋಗುವುದರಿಂದ ರಕ್ತ ಕಡಿಮೆಯಾಗುವುದಾದರೆ ಈ ಅಂಕಿಗಳು ತಿರುಗುಮುರುಗಾಗಿ ಇರಬೇಕಿತ್ತು.

ವೀರ್ಯ ನಿಜವಾಗಿ ಎಲ್ಲಿ ತಯಾರಾಗುತ್ತದೆ?

ವೀರ್ಯ ಎನ್ನುವುದು ಮೂರು ಕಡೆಯಿಂದ ಬಂದು ಸೇರುವ ದ್ರವ. ಹೆಚ್ಚಿನ ಪಾಲು ಮೂತ್ರಕೋಶದ ಹಿಂದೆ ಇರುವ ಎರಡು ವೀರ್ಯಕೋಶಗಳಿಂದ ಬರುತ್ತದೆ. ಸುಮಾರು ಕಾಲುಭಾಗ ಪ್ರಾಸ್ಟೇಟ್ ಗ್ರಂಥಿಯಿಂದ. ವೃಷಣಗಳಲ್ಲಿ ತಯಾರಾಗುವ ವೀರ್ಯಾಣುಗಳು ಸಂಖ್ಯೆಯಲ್ಲಿ ಕೋಟಿಗಟ್ಟಲೆ ಇದ್ದರೂ ಒಟ್ಟು ದ್ರವದಲ್ಲಿ ಅವುಗಳ ಪಾಲು ತೀರ ಸಣ್ಣದು. ಉಳಿದದ್ದು ಬಹುಪಾಲು ನೀರು. ಅದರ ಜೊತೆಗೆ ಸ್ವಲ್ಪ ಫ್ರಕ್ಟೋಸ್ ಸಕ್ಕರೆ, ಸ್ವಲ್ಪ ಪ್ರೋಟೀನ್, ಸತು, ಲವಣಗಳು. ಒಂದು ಚಮಚ ತೊಗರಿಬೇಳೆಯಲ್ಲಿರುವಷ್ಟು ಪ್ರೋಟೀನ್ ಕೂಡ ಇದರಲ್ಲಿ ಇಲ್ಲ.

ರಕ್ತಕಣಗಳು ತಯಾರಾಗುವ ಜಾಗವೇ ಬೇರೆ, ಅದು ಮೂಳೆಯೊಳಗಿನ ಮಜ್ಜೆ. ಅಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತಿರುತ್ತವೆ. ಈ ಎರಡು ಕಾರ್ಖಾನೆಗಳ ನಡುವೆ ರಕ್ತವನ್ನು ವೀರ್ಯವಾಗಿ ಬದಲಾಯಿಸುವ ಯಾವ ಯಂತ್ರವೂ ಇಲ್ಲ.

"ಆದರೂ ರಕ್ತದಿಂದಲೇ ಅಲ್ಲವೇ ಎಲ್ಲ ಆಗುವುದು?" ಎಂದು ನೀವು ಕೇಳಬಹುದು. ಹೌದು, ದೇಹದ ಎಲ್ಲ ಗ್ರಂಥಿಗಳಿಗೂ ನೀರು, ಪೋಷಕಾಂಶ ತಲುಪುವುದು ರಕ್ತದ ಮೂಲಕವೇ. ಬೆವರು, ಕಣ್ಣೀರು, ಎಂಜಲು ಎಲ್ಲಕ್ಕೂ ಹಾಗೆಯೇ. ನಮ್ಮ ಬಾಯಲ್ಲಿ ದಿನಕ್ಕೆ ಒಂದು ಲೀಟರಿನ ಆಸುಪಾಸು ಎಂಜಲು ಊರುತ್ತದೆ. ಅದಕ್ಕೂ 40ರ ಲೆಕ್ಕ ಹಾಕಿದರೆ ದಿನಕ್ಕೆ 40 ಲೀಟರ್ ರಕ್ತ! ಕೂಸಿಗೆ ದಿನಕ್ಕೆ ಮುಕ್ಕಾಲು ಲೀಟರ್ ಹಾಲುಣಿಸುವ ತಾಯಿಗೆ 30 ಲೀಟರ್ ರಕ್ತ ಬೇಕಾಗುತ್ತಿತ್ತು. ರಕ್ತ ಸಾಮಾನು ಹೊತ್ತು ತರುವ ಗಾಡಿ. ಸಾಮಾನು ಇಳಿಸಿದ ಮಾತ್ರಕ್ಕೆ ಗಾಡಿ ಸವೆದು ಹೋಗುವುದಿಲ್ಲ.

"ಉಳಿಸಿಕೊಂಡರೆ" ಏನಾಗುತ್ತದೆ?

ವೀರ್ಯ ಬ್ಯಾಂಕಿನ ಠೇವಣಿ ಇದ್ದಂತೆ, ಖರ್ಚು ಮಾಡದಿದ್ದರೆ ಬೆಳೆಯುತ್ತದೆ ಎಂದು ಫಾರ್ವರ್ಡುಗಳು ಹೇಳುತ್ತವೆ. ದೇಹದ ಪದ್ಧತಿ ಹಾಗಿಲ್ಲ. ಹದಿಹರೆಯದಲ್ಲಿ ಶುರುವಾದ ವೀರ್ಯಾಣು ತಯಾರಿ ಬದುಕಿನುದ್ದಕ್ಕೂ ನಡೆಯುತ್ತಲೇ ಇರುತ್ತದೆ. ಒಂದು ವೀರ್ಯಾಣು ಪೂರ್ತಿ ಬೆಳೆಯಲು ಎರಡರಿಂದ ಎರಡೂವರೆ ತಿಂಗಳು ಬೇಕು. ಹೊರಹೋಗದೆ ಉಳಿದ ಹಳೆಯ ವೀರ್ಯಾಣುಗಳು ಸತ್ತು ಕರಗುತ್ತವೆ, ದೇಹ ಅವನ್ನು ಹೀರಿಕೊಳ್ಳುತ್ತದೆ. ಕೂಡಿಡುವ ಕಪಾಟು ದೇಹದಲ್ಲಿ ಇಲ್ಲ.

ನಿದ್ದೆಯಲ್ಲಿ ಆಗುವ ಸ್ಖಲನವೂ ಇದೇ ಸಹಜ ಕ್ರಿಯೆಯ ಭಾಗ. ಕನಸು ಬೀಳುವ ನಿದ್ದೆಯ ಹಂತದಲ್ಲಿ ಗಂಡಸರ ಜನನಾಂಗ ರಾತ್ರಿಗೆ ಹಲವು ಸಲ ತಾನಾಗಿ ಉದ್ರೇಕಗೊಳ್ಳುತ್ತದೆ. ಹಾರ್ಮೋನು ಏರುವ ವಯಸ್ಸಿನಲ್ಲಿ ಅದರ ಜೊತೆ ಸ್ಖಲನವೂ ಆಗಬಹುದು. ಕೆಲವರಿಗೆ ವಾರಕ್ಕೆ ಎರಡು ಮೂರು ಸಲ, ಕೆಲವರಿಗೆ ತಿಂಗಳಿಗೊಮ್ಮೆ, ಕೆಲವರಿಗೆ ಆಗುವುದೇ ಇಲ್ಲ. ಮೂರೂ ಸರಿಯೇ. ಇದು ಮನಸ್ಸಿನ ದೌರ್ಬಲ್ಯವಲ್ಲ, ಕೆಟ್ಟ ಯೋಚನೆಯ ಫಲವೂ ಅಲ್ಲ. ನಿದ್ದೆಯಲ್ಲಿ ಆಗುವುದಕ್ಕೆ ಯಾರೂ ಹೊಣೆಯಲ್ಲ.

ಹಸ್ತಮೈಥುನದ ಬಗ್ಗೆಯೂ ಅಷ್ಟೆ. ಅದರಿಂದ ಕಣ್ಣು ಹೋಗುವುದಿಲ್ಲ, ನರ ಸತ್ತುಹೋಗುವುದಿಲ್ಲ, ಅಂಗ ಸಣ್ಣದಾಗುವುದಿಲ್ಲ, ಮುಂದೆ ಮಕ್ಕಳಾಗಲು ತೊಂದರೆಯಾಗುವುದಿಲ್ಲ. ಯಾರಾದರೂ ಧರ್ಮದ ಕಾರಣಕ್ಕೋ ಸ್ವಂತ ವ್ರತವೆಂದೋ ಬ್ರಹ್ಮಚರ್ಯ ಪಾಲಿಸಿದರೆ ಅದು ಅವರ ಆಯ್ಕೆ, ಅದನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಪಾಲಿಸದವನಿಗೆ ರೋಗ ಬರುತ್ತದೆ ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಊಟ, ನಿದ್ದೆ, ಓದು, ಕೆಲಸ ಬಿಟ್ಟು ಅದರಲ್ಲೇ ಮುಳುಗಿಹೋಗಿ, ನಿಲ್ಲಿಸಲು ಆಗುತ್ತಿಲ್ಲ ಎನಿಸಿದರೆ ಮಾತ್ರ ಆಪ್ತಸಮಾಲೋಚಕರ ನೆರವು ಪಡೆಯಬೇಕು.

ಹಾಗಾದರೆ ಮೊಡವೆ, ಸಪೂರ ಮೈ, ಅರೆಬರೆ ಗಡ್ಡ? ಹದಿಹರೆಯದ ಹಾರ್ಮೋನುಗಳು ಚರ್ಮದ ಜಿಡ್ಡಿನ ಗ್ರಂಥಿಗಳನ್ನು ಚುರುಕು ಮಾಡುತ್ತವೆ, ಅದರಿಂದ ಮೊಡವೆ. ಎತ್ತರ ಒಮ್ಮೆಲೇ ಬೆಳೆದು ಮೈ ತುಂಬಿಕೊಳ್ಳಲು ತಡವಾಗುತ್ತದೆ, ಅದರಿಂದ ಕೆನ್ನೆ ಒಳಗೆ ಹೋದಂತೆ ಕಾಣುತ್ತದೆ. ಸ್ವಪ್ನಸ್ಖಲನವೂ ಇದೇ ವಯಸ್ಸಿನಲ್ಲಿ ಶುರುವಾಗುತ್ತದೆ. ಎರಡೂ ಒಟ್ಟಿಗೆ ಬಂದವು ಎಂದು ಒಂದರಿಂದ ಇನ್ನೊಂದು ಆಯಿತು ಎಂದುಕೊಳ್ಳುವುದು ತಪ್ಪು. ಕೋಳಿ ಕೂಗಿದ್ದರಿಂದ ಬೆಳಗಾಯಿತು ಎಂದ ಹಾಗೆ.

ಹುಡುಗರು ಒಳಗೊಳಗೇ ಹೆದರುವ ಇನ್ನೂ ಕೆಲವು ವಿಷಯಗಳನ್ನು ಇಲ್ಲೇ ಹೇಳಿಬಿಡುತ್ತೇವೆ. ಒಂದು ವೃಷಣ ಇನ್ನೊಂದಕ್ಕಿಂತ ತುಸು ಕೆಳಗೆ ಇರುವುದು ಸಹಜ. ಅಂಗ ಸ್ವಲ್ಪ ಎಡಕ್ಕೋ ಬಲಕ್ಕೋ ಬಾಗಿರುವುದು ಸಹಜ. 13-14ರ ವಯಸ್ಸಿನಲ್ಲಿ ಎದೆಯ ತೊಟ್ಟಿನ ಕೆಳಗೆ ಗಂಟಿನಂತೆ ಊದಿ ಮುಟ್ಟಿದರೆ ನೋಯುವುದು ತುಂಬ ಹುಡುಗರಲ್ಲಿ ಕಾಣುವ ಬದಲಾವಣೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿ ಕರಗುತ್ತದೆ.

ಮೂತ್ರದಲ್ಲಿ ಬಿಳಿ ಹೋಗುವುದು "ಧಾತು" ಅಲ್ಲವೇ?

ಬಹಳ ಮಂದಿಯ ಭಯ ಶುರುವಾಗುವುದು ಇಲ್ಲಿಂದ. ಮೂತ್ರ ಮಸುಕಾಗಿ, ಸುಣ್ಣದ ನೀರಿನಂತೆ ಕಂಡರೆ ಧಾತು ಕರಗಿ ಹೋಗುತ್ತಿದೆ ಎಂದುಕೊಳ್ಳುತ್ತಾರೆ. ಮೂತ್ರ ಹೀಗೆ ಕಾಣಲು ಸಾಮಾನ್ಯ ಕಾರಣ ಅದರಲ್ಲಿರುವ ಫಾಸ್ಫೇಟ್ ಎಂಬ ಲವಣ. ನೀರು ಕಡಿಮೆ ಕುಡಿದಾಗ ಮೂತ್ರ ಗಾಢವಾಗುತ್ತದೆ. ಮಲವಿಸರ್ಜನೆಗೆ ಮುಕ್ಕುವಾಗ ಪ್ರಾಸ್ಟೇಟ್ ಗ್ರಂಥಿಯ ಮೇಲೆ ಒತ್ತಡ ಬಿದ್ದು ಒಂದೆರಡು ಹನಿ ಅಂಟು ದ್ರವ ಬರುವುದೂ ಉಂಟು. ಸ್ಖಲನದ ನಂತರದ ಮೊದಲ ಮೂತ್ರದಲ್ಲಿ ಉಳಿಕೆ ದ್ರವ ಕಾಣಿಸಬಹುದು. ಇವು ಯಾವುವೂ ರೋಗವಲ್ಲ. ಆದರೆ ಉರಿ, ಜ್ವರ, ಕೀವು, ರಕ್ತ ಇದ್ದರೆ ಅದು ಸೋಂಕಿರಬಹುದು. ಒಂದು ಮೂತ್ರ ಪರೀಕ್ಷೆಯಿಂದ ಬಹುಪಾಲು ಗೊತ್ತಾಗುತ್ತದೆ.

ಈ 40 ಎಲ್ಲಿಂದ ಬಂತು?

ಇದು ವಾಟ್ಸಾಪ್ ಕಾಲದಲ್ಲಿ ಹುಟ್ಟಿದ ಮಾತಲ್ಲ. ಆಯುರ್ವೇದದಲ್ಲಿ ಏಳು ಧಾತುಗಳ ಕಲ್ಪನೆ ಇದೆ: ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ. ಒಂದರಿಂದ ಮುಂದಿನದು ಪಾಕವಾಗುತ್ತಾ ಹೋಗಿ ಕೊನೆಗೆ ಸಿಗುವುದು ಶುಕ್ರ. ಕೊನೆಯದಾದ್ದರಿಂದ ಅದು ಅಮೂಲ್ಯ, ಹಾಲಿನಿಂದ ಬೆಣ್ಣೆ, ಬೆಣ್ಣೆಯಿಂದ ತುಪ್ಪ ಬಂದಂತೆ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ದೇಹವನ್ನು ಅರ್ಥಮಾಡಿಕೊಳ್ಳಲು ಹಿರಿಯರು ಕಟ್ಟಿದ ವಿವರಣೆ ಅದು. ವೀರ್ಯಾಣುವನ್ನು ಮನುಷ್ಯ ಕಣ್ಣಾರೆ ಕಂಡದ್ದೇ 1677ರಲ್ಲಿ, ನೆದರ್ಲೆಂಡ್ಸಿನ ಲೇವೆನ್‌ಹುಕ್ ಎಂಬಾತನ ಸೂಕ್ಷ್ಮದರ್ಶಕದಲ್ಲಿ.

ಇದು ನಮ್ಮ ದೇಶದ್ದು ಮಾತ್ರ ಎಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ಸಾಮ್ಯುಯೆಲ್ ತಿಸ್ಸೋ ಎಂಬ ವೈದ್ಯ 1760ರಲ್ಲಿ ಹಸ್ತಮೈಥುನದ ವಿರುದ್ಧ ಒಂದು ಪುಸ್ತಕ ಬರೆದ. ಒಂದು ಔನ್ಸ್ ವೀರ್ಯ ಹೋಗುವುದು 40 ಔನ್ಸ್ ರಕ್ತ ಹೋಗುವುದಕ್ಕಿಂತ ಹೆಚ್ಚು ನಿತ್ರಾಣ ತರುತ್ತದೆ ಎಂಬ ಮಾತು ಅದರಲ್ಲಿದೆ. ಅದೇ 40! ಆ ಪುಸ್ತಕ ಯುರೋಪಿನಲ್ಲೆಲ್ಲ ಹರಡಿ ಬಹುಕಾಲ ಹುಡುಗರನ್ನು ಹೆದರಿಸಿತು. ಅಮೆರಿಕದಲ್ಲಿ ಕಾರ್ನ್‌ಫ್ಲೇಕ್ಸ್ ಹೆಸರಿನ ಜೊತೆ ಬರುವ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ಕೂಡ ಇದೇ ಭಯವನ್ನು ಪುಸ್ತಕಗಳಲ್ಲಿ ಬರೆದವರು. ಇಪ್ಪತ್ತನೇ ಶತಮಾನದಲ್ಲಿ ದೇಹದ ಕೆಲಸ ಸ್ಪಷ್ಟವಾದ ಮೇಲೆ ಅಲ್ಲಿನ ವೈದ್ಯಕೀಯ ಇದನ್ನು ಕೈಬಿಟ್ಟಿತು. ನಮ್ಮಲ್ಲಿ ಗೋಡೆಬರಹದಿಂದ ಫೋನಿಗೆ ದಾಟಿ ಇನ್ನೂ ಓಡಾಡುತ್ತಿದೆ.

ಹಾಗಾದರೆ ಆ ಹುಡುಗನ ಸುಸ್ತು ಸುಳ್ಳೇ?

ಸುಳ್ಳಲ್ಲ. ಇದನ್ನು ಮನೆಯವರು ಚೆನ್ನಾಗಿ ತಿಳಿಯಬೇಕು. ಧಾತು ಹೋಗುತ್ತಿದೆ ಎಂದು ನಂಬಿದವನಿಗೆ ನಿಜವಾಗಿಯೂ ಸುಸ್ತಾಗುತ್ತದೆ, ಸೊಂಟ ನೋಯುತ್ತದೆ, ಹಸಿವಾಗುವುದಿಲ್ಲ, ನಿದ್ದೆ ಬರುವುದಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ. ಮನೋವೈದ್ಯ ನರೇಂದ್ರನಾಥ ವಿಗ್ ಅವರು 1960ರಲ್ಲಿ ಇದಕ್ಕೆ "ಧಾತ್ ಸಿಂಡ್ರೋಮ್" ಎಂಬ ಹೆಸರು ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹತ್ತನೇ ವರ್ಗೀಕರಣದಲ್ಲೂ ಈ ಹೆಸರು ಇದೆ.

ಭಯ ಹೇಗೆ ಸುಸ್ತು ತರುತ್ತದೆ? ಹೆದರಿದ ಮನಸ್ಸು ರಾತ್ರಿ ಮಲಗಲು ಬಿಡುವುದಿಲ್ಲ. ನಿದ್ದೆಗೆಟ್ಟವನಿಗೆ ಬೆಳಗ್ಗೆ ಮೈ ಭಾರ. ಮೈ ಭಾರವಾದದ್ದು ನಿನ್ನೆ ರಾತ್ರಿಯ ಸ್ಖಲನದಿಂದಲೇ ಎಂದು ಅವನು ತೀರ್ಮಾನಿಸುತ್ತಾನೆ. ಅದರಿಂದ ಭಯ ಇನ್ನಷ್ಟು ಹೆಚ್ಚುತ್ತದೆ. ಗಾಣದ ಎತ್ತಿನಂತೆ ಅದೇ ಸುತ್ತು. ಕೆಲವರಲ್ಲಿ ಇದು ಖಿನ್ನತೆಗೆ ಹೋಗುತ್ತದೆ. ತಾನು ಕೆಟ್ಟವನು, ಮದುವೆಗೆ ಯೋಗ್ಯನಲ್ಲ ಎಂಬ ತಪ್ಪಿತಸ್ಥ ಭಾವನೆಯಿಂದ ಬದುಕೇ ಬೇಡವೆನಿಸುವ ಹಂತಕ್ಕೂ ಹೋಗಬಹುದು.

ಚಿಕಿತ್ಸೆ ಇದೆ. ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ವೈದ್ಯರು ಸಮಾಧಾನವಾಗಿ ಬಿಡಿಸಿ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಆತಂಕ, ಖಿನ್ನತೆ ಇದ್ದರೆ ಅದಕ್ಕೆ ಆಪ್ತಸಮಾಲೋಚನೆ, ಬೇಕಾದರೆ ಮಾತ್ರೆ. ಜೊತೆಗೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೇಲೆ ಹೇಳಿದಂತೆ ಈ ವಯಸ್ಸಿನ ನೂರರಲ್ಲಿ 31 ಹುಡುಗರಿಗೆ ರಕ್ತಹೀನತೆ ಇದೆ. ಅವರ ಸುಸ್ತಿಗೆ ಕಾರಣ ಕಬ್ಬಿಣದ ಕೊರತೆ, ಜಂತುಹುಳು, ತಿಂಡಿ ತಪ್ಪಿಸುವುದು ಇಂಥವು. "ಧಾತು" ಎಂಬ ಭಯ ಆ ನಿಜವಾದ ಕಾರಣಗಳನ್ನು ಮರೆಮಾಡಿಬಿಡುತ್ತದೆ.

ಹುಡುಗಿಯರ "ಬಿಳಿ ಸೆರಗು" ಮೂಳೆ ಕರಗಿ ಬರುತ್ತದೆಯೇ?

ಇದೇ ಭಯದ ಇನ್ನೊಂದು ರೂಪ ಹೆಣ್ಣುಮಕ್ಕಳಲ್ಲಿದೆ. ಬಿಳಿ ಹೋಗುವುದು ಎಂದರೆ ಮೂಳೆ ಸವೆದು ಹೋಗುತ್ತಿದೆ, ಅದಕ್ಕೇ ಸೊಂಟನೋವು ಎಂಬ ನಂಬಿಕೆ ಹಲವು ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಬಂದಿದೆ. ಮೂಳೆಗೂ ಇದಕ್ಕೂ ಸಂಬಂಧವಿಲ್ಲ. ಗರ್ಭಕೋಶದ ಕಂಠ ಮತ್ತು ಯೋನಿಯ ಒಳಪದರ ತಮ್ಮನ್ನು ತಾವು ತೇವವಾಗಿ, ಶುಚಿಯಾಗಿ ಇಟ್ಟುಕೊಳ್ಳಲು ಈ ದ್ರವವನ್ನು ಹೊರಹಾಕುತ್ತವೆ. ಮುಟ್ಟು ಶುರುವಾಗುವ ಮೊದಲಿನ ತಿಂಗಳುಗಳಲ್ಲೇ ಇದು ಕಾಣಿಸಬಹುದು. ಎರಡು ಮುಟ್ಟುಗಳ ನಡುವಿನ ದಿನಗಳಲ್ಲಿ ಮೊಟ್ಟೆಯ ಬಿಳಿಯಂತೆ ತೆಳ್ಳಗೆ, ಉಳಿದ ದಿನ ತುಸು ಗಟ್ಟಿಯಾಗಿ ಇರುತ್ತದೆ. ವಾಸನೆ, ತುರಿಕೆ ಇಲ್ಲದಿದ್ದರೆ ಚಿಂತೆ ಬೇಡ.

ಮೊಸರು ಒಡೆದಂತೆ ಗಡ್ಡೆಗಡ್ಡೆಯಾಗಿ ಬಂದು ತುರಿಕೆ ಇದ್ದರೆ, ಹಳದಿ ಅಥವಾ ಹಸಿರು ಬಣ್ಣ ಇದ್ದರೆ, ಕೆಟ್ಟ ವಾಸನೆ, ಉರಿ, ಕಿಬ್ಬೊಟ್ಟೆ ನೋವು ಇದ್ದರೆ ಅದು ಸೋಂಕು. ವೈದ್ಯರಿಗೆ ತೋರಿಸಿದರೆ ವಾಸಿಯಾಗುತ್ತದೆ. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆಯುವುದು ತಪ್ಪು. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಸೋಂಕು ಇನ್ನೂ ಸುಲಭವಾಗಿ ಬರುತ್ತದೆ. ಹೊರಗೆ ಬರೀ ನೀರಿನಲ್ಲಿ ತೊಳೆದು ಒಣಗಿದ ಹತ್ತಿ ಒಳಉಡುಪು ಹಾಕಿಕೊಂಡರೆ ಸಾಕು.

ಭಯದ ವ್ಯಾಪಾರ

ಲಾಡ್ಜಿನ ರೂಮಿನಲ್ಲಿ ತಿಂಗಳಿಗೊಮ್ಮೆ ಕೂರುವವರು, ಯೂಟ್ಯೂಬಿನಲ್ಲಿ ನಂಬರ್ ಕೊಡುವವರು, "ಪಾರ್ಸೆಲ್ ಮೇಲೆ ಹೆಸರು ಇರುವುದಿಲ್ಲ" ಎಂದು ಭರವಸೆ ಕೊಡುವವರು. ಇವರಿಗೆಲ್ಲ ಬಂಡವಾಳ ನಮ್ಮ ನಾಚಿಕೆ. ಮೊದಲ ಭೇಟಿಯಲ್ಲಿ ಸಾವಿರ ರೂಪಾಯಿ, "ಕೋರ್ಸ್ ಅರ್ಧಕ್ಕೆ ಬಿಟ್ಟರೆ ನರ ಸತ್ತುಹೋಗುತ್ತದೆ" ಎಂದು ಹೆದರಿಸಿ ಮತ್ತಷ್ಟು ಸಾವಿರ. ಮೋಸವಾಯಿತು ಎಂದು ಗೊತ್ತಾದರೂ ಹುಡುಗ ಪೊಲೀಸರ ಬಳಿ ಹೋಗುವುದಿಲ್ಲ, ಮನೆಯಲ್ಲಿ ಹೇಳುವುದಿಲ್ಲ. ಅವರ ಧೈರ್ಯ ಅದೇ.

1954ರಿಂದಲೇ ನಮ್ಮ ದೇಶದಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಇದೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು ಆ ಕಾಯ್ದೆ ನಿಷೇಧಿಸುತ್ತದೆ. ಅಂದರೆ ಆ ಗೋಡೆಬರಹವೇ ಕಾನೂನುಬಾಹಿರ. "ಪೂರ್ತಿ ಗಿಡಮೂಲಿಕೆ" ಎಂದು ಮಾರುವ ಇಂಥ ಪುಡಿಗಳಲ್ಲಿ ಸಿಲ್ಡೆನಫಿಲ್‌ನಂಥ ಇಂಗ್ಲಿಷ್ ಔಷಧಿಯನ್ನೇ ಗುಟ್ಟಾಗಿ ಬೆರೆಸಿರುವುದು ಹಲವು ದೇಶಗಳ ತಪಾಸಣೆಯಲ್ಲಿ ಸಿಕ್ಕಿಬಿದ್ದಿದೆ. ಹೃದಯಕ್ಕೆ ನೈಟ್ರೇಟ್ ಮಾತ್ರೆ ನುಂಗುವವರು ತಿಳಿಯದೆ ಇದನ್ನು ತೆಗೆದುಕೊಂಡರೆ ರಕ್ತದೊತ್ತಡ ದಿಢೀರ್ ಕುಸಿದು ಜೀವಕ್ಕೇ ಅಪಾಯ.

ಡಾಕ್ಟರ ಹತ್ತಿರ ಹೋಗಲೇಬೇಕಾದ್ದು ಯಾವಾಗ?

ಮೇಲಿನದನ್ನೆಲ್ಲ ಓದಿ "ಎಲ್ಲವೂ ಸಹಜ" ಎಂದು ಸುಮ್ಮನಾಗಬೇಡಿ. ಕೆಲವು ಲಕ್ಷಣಗಳಿಗೆ ತಡ ಮಾಡಬಾರದು.

• ವೃಷಣದಲ್ಲಿ ಒಮ್ಮೆಲೇ ಶುರುವಾದ ತೀವ್ರ ನೋವು, ವಾಂತಿ. ವೃಷಣ ತಿರುಚಿಕೊಂಡು ರಕ್ತ ಸಂಚಾರ ನಿಂತಿರಬಹುದು. ಸುಮಾರು 6 ಗಂಟೆಯೊಳಗೆ ಸರಿಪಡಿಸಿದರೆ ಹೆಚ್ಚಾಗಿ ಉಳಿಯುತ್ತದೆ. ನಾಚಿಕೆಯಿಂದ ಬೆಳಗಿನವರೆಗೆ ಕಾದರೆ ತೆಗೆದುಹಾಕಬೇಕಾಗಬಹುದು.
• ವೃಷಣದಲ್ಲಿ ನೋವಿಲ್ಲದ ಗಂಟು.
• ಮುಂದೊಗಲು ಹಿಂದೆ ಸರಿದು ಮುಂದೆ ಬಾರದೆ ಸಿಕ್ಕಿಕೊಂಡು ಊದಿಕೊಳ್ಳುವುದು.
• ಮೂತ್ರ ಅಥವಾ ವೀರ್ಯದಲ್ಲಿ ರಕ್ತ, ಕೀವು, ಉರಿ, ಜನನಾಂಗದ ಮೇಲೆ ಹುಣ್ಣು.
• ಹುಡುಗನಿಗೆ 14 ವರ್ಷವಾದರೂ ದೇಹದಲ್ಲಿ ಬದಲಾವಣೆ ಶುರುವಾಗದಿರುವುದು. ಹುಡುಗಿಗೆ 13ಕ್ಕೂ ಎದೆ ಬೆಳವಣಿಗೆ ಕಾಣದಿರುವುದು, 15 ಆದರೂ ಮುಟ್ಟಾಗದಿರುವುದು.
• ಬದುಕುವುದು ಬೇಡ ಎಂಬ ಯೋಚನೆ. ಇದು ಕೂಡ ತುರ್ತು ಪರಿಸ್ಥಿತಿಯೇ.

ಮನೆಯಲ್ಲಿ ಹೇಗೆ ಮಾತಾಡುವುದು?

"ಇದನ್ನೆಲ್ಲ ಹೇಳಿದರೆ ಮಕ್ಕಳು ಕೆಟ್ಟುಹೋಗುತ್ತಾರೆ" ಎಂಬ ಅಂಜಿಕೆ ಹೊಸದಲ್ಲ. ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ಬೇಡವೆಂದವು. ಆದರೆ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಯುನೆಸ್ಕೋ ಹೊರತಂದ ಮಾರ್ಗಸೂಚಿ ಹೇಳುವುದು ಬೇರೆ: ಲೈಂಗಿಕ ಶಿಕ್ಷಣ ಕೊಟ್ಟದ್ದರಿಂದ ಮಕ್ಕಳು ಬೇಗ ಲೈಂಗಿಕ ಚಟುವಟಿಕೆಗೆ ಇಳಿಯುವುದಿಲ್ಲ. ನಾವು ಹೇಳದಿದ್ದರೆ ಮಕ್ಕಳು ಏನೂ ತಿಳಿಯದೆ ಇರುತ್ತಾರೆ ಎಂದೇನಿಲ್ಲ. ಫೋನು ಹೇಳಿಕೊಡುತ್ತದೆ, ಅದೂ ತಪ್ಪಾಗಿ.

ದೊಡ್ಡ ಭಾಷಣ ಬೇಡ. ಗಾಡಿಯಲ್ಲಿ ಹೋಗುವಾಗಲೋ ತೋಟದಲ್ಲಿ ಕೆಲಸ ಮಾಡುವಾಗಲೋ ಮುಖ ನೋಡದೆಯೂ ಹೇಳಬಹುದಾದ ಎರಡು ಮಾತು ಸಾಕು. ಅಪ್ಪನೋ ಮಾವನೋ ಅಣ್ಣನೋ ಹೀಗೆ ಹೇಳಬಹುದು: "ನೋಡೋ ಮಗ, ಈ ವಯಸ್ಸಲ್ಲಿ ನಿದ್ದೇಲಿ ಬಟ್ಟೆ ಒದ್ದೆ ಆಗೋದು ತುಂಬಾ ಜನಕ್ಕೆ ಆಗುತ್ತೆ. ನನಗೂ ಆಗ್ತಿತ್ತು. ಅದೇನು ರೋಗ ಅಲ್ಲ. ಬಟ್ಟೆ ಒಗೆಯೋಕೆ ಹಾಕು, ಅಷ್ಟೆ. ಏನಾದ್ರೂ ಕೇಳ್ಬೇಕು ಅನ್ಸಿದ್ರೆ ನನ್ನ ಕೇಳು, ಬೈಯಲ್ಲ."

ಅಪ್ಪ ಇಲ್ಲದ ಮನೆಯಲ್ಲಿ ಅಮ್ಮನೇ ಹೇಳಬಹುದು: "ದೊಡ್ಡವನಾಗ್ತಿದ್ದೀಯ ಕಣೋ, ಮೈಯಲ್ಲಿ ಬದಲಾವಣೆ ಆಗುತ್ತೆ. ನನ್ನ ಹತ್ರ ಹೇಳೋಕೆ ಸಂಕೋಚ ಆದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ, ನಾನು ಹೊರಗೆ ಕೂತಿರ್ತೀನಿ." ಹೊರಗೆ ಕೂತಿರುತ್ತೇನೆ ಎಂಬ ಆ ಮಾತಿಗೆ ತುಂಬ ಬೆಲೆಯಿದೆ. ಮಗ ಅಥವಾ ಮಗಳು ವೈದ್ಯರ ಜೊತೆ ಐದು ನಿಮಿಷ ಒಬ್ಬರೇ ಮಾತಾಡಲಿ.

ಮಾಡಬಾರದ್ದು ಎರಡು. ಬೆಡ್‌ಶೀಟಿನ ಕಲೆ ನೋಡಿ ನಾಲ್ಕು ಜನರ ಮುಂದೆ ಗೇಲಿ ಮಾಡಬೇಡಿ. "ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ" ಎನ್ನಬೇಡಿ. ಭಯ ಹೊತ್ತುಕೊಂಡೇ ಮದುವೆಯಾದವನ ಭಯ ಕಡಿಮೆಯಾಗುವುದಿಲ್ಲ, ಇನ್ನೊಬ್ಬಳ ಬದುಕಿಗೂ ಅದು ಹರಡುತ್ತದೆ.

ಯಾರನ್ನು ಕೇಳಬೇಕು?

• ಸ್ನೇಹ ಕ್ಲಿನಿಕ್: 10ರಿಂದ 19 ವಯಸ್ಸಿನವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಹದಿಹರೆಯದವರ ಆರೋಗ್ಯ ಕೇಂದ್ರ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ ಇದು. ಹತ್ತಿರದ್ದು ಎಲ್ಲಿದೆ ಎಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.
• ಟೆಲಿ ಮಾನಸ್, 14416: ಮನಸ್ಸಿನ ಭಾರಕ್ಕೆ, ಭಯಕ್ಕೆ, ಆತ್ಮಹತ್ಯೆಯ ಯೋಚನೆಗೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.
• 1097: ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳ ಬಗ್ಗೆ ಮಾಹಿತಿಗೆ. ಎಚ್‌ಐವಿ ಪರೀಕ್ಷೆ ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ.
• 1098: ಮಗುವಿಗೆ ಯಾರಾದರೂ ಕೆಟ್ಟದಾಗಿ ಮುಟ್ಟಿದ್ದರೆ, ಹೆದರಿಸುತ್ತಿದ್ದರೆ ಮಕ್ಕಳ ಸಹಾಯವಾಣಿ.

ಎಂಬಿಬಿಎಸ್ ಓದಿದ ಯಾವುದೇ ವೈದ್ಯರ ಬಳಿಯೂ ಈ ಪ್ರಶ್ನೆ ಕೇಳಬಹುದು. ಅವರಿಗೆ ಇದು ಕೆಮ್ಮು ನೆಗಡಿಯಷ್ಟೇ ಮಾಮೂಲು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಆ ಹಳೆಯ ಸಂದೇಶ ಮತ್ತೆ ನಿಮ್ಮ ಗ್ರೂಪಿಗೆ ಬಂದಾಗ ಜಗಳ ಮಾಡಬೇಕಿಲ್ಲ. ಕೆಳಗಿನ ಸಾಲುಗಳನ್ನು ಕಾಪಿ ಮಾಡಿ ಹಾಕಿ:

"ಒಂದು ಹನಿ ವೀರ್ಯಕ್ಕೆ 40 ಹನಿ ರಕ್ತ ಎಂಬುದು ತಪ್ಪು. ರಕ್ತ ತಯಾರಾಗುವುದು ಮೂಳೆಯ ಮಜ್ಜೆಯಲ್ಲಿ, ವೀರ್ಯ ತಯಾರಾಗುವುದು ಬೇರೆ ಗ್ರಂಥಿಗಳಲ್ಲಿ. ಸ್ವಪ್ನಸ್ಖಲನ, ಹುಡುಗಿಯರ ವಾಸನೆಯಿಲ್ಲದ ಬಿಳಿ ಸೆರಗು ಎರಡೂ ಸಹಜ. ಇದರಿಂದ ಕಣ್ಣು, ನೆನಪು, ಸಂತಾನ ಯಾವುದಕ್ಕೂ ತೊಂದರೆಯಿಲ್ಲ. ಸುಸ್ತಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಭಯವಿದ್ದರೆ 14416ಕ್ಕೆ ಫೋನ್ ಮಾಡಿ, ಉಚಿತ. ಗೋಡೆಬರಹದ ಡಾಕ್ಟರಿಗೆ ಹಣ ಕೊಡಬೇಡಿ."

ನಿಮ್ಮ ಗ್ರೂಪಿನಲ್ಲಿ ಇದನ್ನು ಓದುವ ಯಾವ ಹುಡುಗನೂ ಬಹುಶಃ ಉತ್ತರ ಬರೆಯುವುದಿಲ್ಲ, ಹೆಬ್ಬೆರಳಿನ ಗುರುತನ್ನೂ ಒತ್ತುವುದಿಲ್ಲ. ಆದರೆ ಯಾರೋ ಒಬ್ಬ ಹುಡುಗ ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು.